ತಡೆಯ ನುಡಿಗಟ್ಟುಗಳು: ಮಂಡ್ಯ ಸೀಮೆಯ ಬಳಕೆಯಲ್ಲಿ

ನಡೆಯುತ್ತಿರುವ ಕೆಲಸವೊಂದನ್ನು, ಅದರಲ್ಲೂ ಹೇಳುವವನಿಗೆ ಒಪ್ಪಿಗೆಯಾಗದ ಕೆಲಸವನ್ನು, ಅಧಿಕಾರವುಳ್ಳವನು ಮುಂದುವರಿಯಗೊಡದಿರುವುದಕ್ಕೆ ಇಂಗ್ಲಿಷಿನಲ್ಲಿ ‘ಪುಟ್ ಎ ಸ್ಟಾಪ್ ಟು’ ಎಂಬ ನುಡಿಗಟ್ಟು ಬಳಕೆಯಲ್ಲಿದೆ. ಮಳೆ ತಾನಾಗಿ ನಿಂತರೆ ಈ ಮಾತು ಸಲ್ಲುವುದಿಲ್ಲ. ಜಾತ್ರೆಯ ಜೂಜನ್ನು ಪೊಲೀಸರು ನಿಲ್ಲಿಸಿದರೆ ಸಲ್ಲುತ್ತದೆ. ಇದರ ಮೂಲ ಕ್ರಿಯಾಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ರಂಧ್ರವನ್ನು ತುರುಕಿ ಮುಚ್ಚುವುದೆಂಬ ಅರ್ಥವಿತ್ತು. ಚಲಿಸುವುದು ನಿಂತಿತು ಎಂಬ ಅರ್ಥ ಆಮೇಲೆ ಬೆಳೆದದ್ದು. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಒಂದೇ ನುಡಿ ಇಲ್ಲ. ತಡೆ ಹಾಕು, ಕಡಿವಾಣ ಹಾಕು, ಪೂರ್ಣವಿರಾಮ ಹಾಕು, ಮಂಗಳ ಹಾಡು, ಎಳ್ಳುನೀರು ಬಿಡು, ಬೀಗ ಜಡಿ, ಚಿಗುರಿನಲ್ಲೇ ಚಿವುಟು, ಬ್ರೇಕ್ ಹಾಕು ಎಂಬ ಹಲವು ನುಡಿಗಟ್ಟುಗಳು ಈ ಕೆಲಸವನ್ನು ಹಂಚಿಕೊಂಡಿದ್ದು, ಇವುಗಳಲ್ಲಿ ಹೆಚ್ಚಿನವು ನಿಲ್ಲಬೇಕಾದ ಸಂಗತಿಯನ್ನು ಚತುರ್ಥಿ ವಿಭಕ್ತಿಯಲ್ಲಿ, ಅಂದರೆ ‘ಅದಕ್ಕೆ’ ಎಂಬ ರೂಪದಲ್ಲಿ ಬೇಡುತ್ತವೆ: ದುಂದಿಗೆ ಕಡಿವಾಣ ಹಾಕಿದರು, ಜಗಳಕ್ಕೆ ಮಂಗಳ ಹಾಡಿದರು ಎಂಬಂತೆ.

ಇಷ್ಟು ನುಡಿಗಟ್ಟುಗಳು ಬೇಕಾಗಿರುವುದಕ್ಕೆ ‘ನಿಲ್ಲಿಸು’ ಎಂಬ ಸಾಮಾನ್ಯ ಕ್ರಿಯಾಪದದ ಇಬ್ಬಗೆಯ ಸ್ವಭಾವವೂ ಒಂದು ಕಾರಣವೆನ್ನಬಹುದು. ಬಸ್ಸನ್ನು ನಿಲ್ಲಿಸುವುದು ಅದರ ಓಟವನ್ನು ಮುಗಿಸುವುದಾದರೆ, ಕಂಬವನ್ನು ನಿಲ್ಲಿಸುವುದು ಅದನ್ನು ನೆಡುವುದು, ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸುವುದು ಅವನನ್ನು ಕಣಕ್ಕಿಳಿಸುವುದು. ತಡೆಯೊಂದು ಎಷ್ಟು ಕಾಲದ್ದು, ಯಾವ ಬಲದಿಂದ ಬಂದದ್ದು, ತೆಗೆಯಲು ಬರುವಂಥದೋ ಅಲ್ಲವೋ ಎಂಬುದನ್ನು ಈ ಪದ ಹೇಳಲಾರದು. ಅದನ್ನು ಹೇಳುವುದು ನುಡಿಗಟ್ಟಿನ ಪಾಲಿಗೆ ಬಂದಿದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಈ ವ್ಯತ್ಯಾಸವನ್ನು ಗಮನಿಸಲು ಒದಗುವ ಒಳ್ಳೆಯ ಪ್ರದೇಶ. ಇಲ್ಲಿ ನೂರು ವರ್ಷಗಳಿಂದ ಜನಜೀವನದ ದೊಡ್ಡ ಪ್ರಶ್ನೆಯೇ ಏನನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಬಿಡಬೇಕು ಎಂಬುದಾಗಿದ್ದು, ಅದು ನೀರಿನ ವಿಷಯವಾಗಿದೆ.

ಕಟ್ಟು

ಈ ಸೀಮೆಯಲ್ಲಿ ತಡೆಯ ಅರ್ಥದ ಪದಗಳಲ್ಲಿ ಅತ್ಯಂತ ಹುರುಪಿನದು ‘ಕಟ್ಟು’. ಬಿಗಿಯುವುದು, ನಿರ್ಮಿಸುವುದು, ತಡೆಯುವುದು ಎಂಬ ಮೂರೂ ಅರ್ಥಗಳು ಇದರಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ. ಅಣೆಕಟ್ಟು ಎಂಬಲ್ಲಿ ಹೊಳೆಗೆ ತಡೆಯೂ ಇದೆ, ಕಟ್ಟಡವೂ ಇದೆ. 1911ರಲ್ಲಿ ಕನ್ನಂಬಾಡಿಯ ಬಳಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಮುಗಿದ ಕೃಷ್ಣರಾಜಸಾಗರವನ್ನು ಮಂಡ್ಯದ ರೈತರು ಇಂದಿಗೂ ‘ಕನ್ನಂಬಾಡಿ ಕಟ್ಟೆ’ ಎಂದೋ ಬರಿಯ ‘ಕಟ್ಟೆ’ ಎಂದೋ ಕರೆಯುತ್ತಾರೆ. ಅದರ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 49 ಟಿಎಂಸಿ, ಎಂದರೆ 49 ಸಾವಿರ ದಶಲಕ್ಷ ಘನ ಅಡಿ. ಕಟ್ಟೆ ತುಂಬಿತು ಎಂದರೆ ವರ್ಷ ನೆಮ್ಮದಿ. ‘ಸಹನೆಯ ಕಟ್ಟೆ ಒಡೆಯಿತು’ ಎಂದರೆ ತಡೆದಿಟ್ಟದ್ದು ಕೈಮೀರಿತು ಎಂದರ್ಥ. ತಡೆಯೆಂಬುದು ಇಲ್ಲಿ ಕೂಡಿಡುವುದೂ ಹೌದು, ಒಡೆದರೆ ಅಪಾಯವೂ ಹೌದು.

ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಮೊದಲು ವೈಸರಾಯ್ ಲಾರ್ಡ್ ಇರ್ವಿನ್ನನ ಹೆಸರಿನಲ್ಲಿ ಇರ್ವಿನ್ ನಾಲೆ ಎನಿಸಿಕೊಂಡು ಈಗ ‘ವಿ.ಸಿ. ನಾಲೆ’ ಎಂದೇ ಬಾಯಲ್ಲಿ ನಿಂತಿರುವುದು, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ನೀರುಣಿಸುತ್ತದೆ. ಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ನಾಲೆಗೆ ಎಡೆಬಿಡದೆ ಹರಿಸದೆ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ಸರದಿಯಂತೆ ಹರಿಸುವ ಕ್ರಮವಿದೆ. ಇದಕ್ಕೆ ‘ಕಟ್ಟು ಪದ್ಧತಿ’ ಎಂದು ಹೆಸರು. ‘ಇನ್ನೊಂದು ಕಟ್ಟು ನೀರು ಬಿಡಿ’ ಎಂಬ ಬೇಡಿಕೆ ಬೇಸಿಗೆಯ ಕೊನೆಯಲ್ಲಿ, ನಿಂತ ಬೆಳೆ ಒಣಗುವ ಹೊತ್ತಿಗೆ ಮಂಡ್ಯದ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ತಡೆಯನ್ನು ಸೂಚಿಸುವ ಶಬ್ದವೇ ಹರಿವಿನ ಅಳತೆಯೂ ಆಗಿಬಿಟ್ಟಿರುವುದು ಇಲ್ಲಿನ ವಿಶೇಷ: ಒಂದು ‘ಕಟ್ಟು’ ಎಂದರೆ ಎರಡು ನಿಲುಗಡೆಗಳ ನಡುವೆ ಬರುವ ನೀರು. ನಾಲೆಯ ತುದಿಯ ‘ಕೊನೇ ಭಾಗ’ಕ್ಕೆ ಸೇರಿದ ಮದ್ದೂರು, ಮಳವಳ್ಳಿಗಳ ಹಳ್ಳಿಗಳಿಗೆ ಈ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಏಕೆಂದರೆ ಮೇಲ್ಭಾಗದಲ್ಲಿ ತೂಬು ಎತ್ತಿದವರು ಇಳಿಸುವ ಹೊತ್ತಿಗೆ ಇವರ ಸರದಿಯ ದಿನಗಳು ಅರ್ಧ ಮುಗಿದಿರುತ್ತವೆ.

ತೂಬು ಎಂದರೆ ಕೆರೆ ಅಥವಾ ನಾಲೆಯಿಂದ ನೀರು ಹೊರಡುವ ಕಂಡಿ. ಹಳೆಯ ಮೈಸೂರಿನ ಕೆರೆಗಳಲ್ಲಿ ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಗಂಬಗಳು ನೀರಿನಿಂದ ಮೇಲೆದ್ದಿರುತ್ತವೆ. ಅವುಗಳ ನಡುವಿನ ಅಡ್ಡಗಲ್ಲುಗಳ ರಂಧ್ರದ ಮೂಲಕ ಉದ್ದನೆಯ ಕೋಲೊಂದು ಇಳಿದು, ಅದರ ತುದಿಯ ಮರದ ಬಿರಡೆ ತಳದ ಕಲ್ಲಿನ ತೂತಿನಲ್ಲಿ ಕೂರುತ್ತದೆ. ನೀರುಗಂಟಿ, ಅಂದರೆ ಊರಿನ ಪರವಾಗಿ ನೀರನ್ನು ಹಂಚುವವನು, ಕೋಲನ್ನು ಗೇಣೆರಡು ಗೇಣು ಮೇಲೆತ್ತಿ ಬೆಣೆ ಸಿಕ್ಕಿಸಿದರೆ ಅಷ್ಟು ನೀರು. ಒತ್ತಿ ಕೂರಿಸಿ ಸಂದಿಗೆ ಹುಲ್ಲು, ಜೇಡಿ ಮೆತ್ತಿದರೆ ತೂಬು ಬಂದ್. ಇಂಗ್ಲಿಷಿನ ಕ್ರಿಯಾಪದ ಯಾವ ರಂಧ್ರಮುಚ್ಚುವ ಕೆಲಸದಿಂದ ಹುಟ್ಟಿತೋ ಅದೇ ಕೆಲಸ ಇದು; ಆದರೆ ಇಂಗ್ಲಿಷ್ ನುಡಿಗಟ್ಟು ಬಿರಡೆಯನ್ನು ಮರೆತು ಮುಕ್ತಾಯದ ಕಡೆಗೆ ಸರಿದರೆ, ಈ ಸೀಮೆಯ ನುಡಿ ಬಿರಡೆ ಮತ್ತೆ ಎತ್ತಲಿಕ್ಕಿರುವುದೆಂಬುದನ್ನು ಮರೆತಿಲ್ಲ. ‘ತೂಬು ಮುಚ್ಚಿದರು’ ಎಂದು ಅನುದಾನದ ಬಗ್ಗೆಯೋ ಮೇಲಾದಾಯದ ಬಗ್ಗೆಯೋ ಹೇಳಿದಾಗ, ಎತ್ತುವ ಕೈಯೊಂದು ಎಲ್ಲೋ ಇದೆ ಎಂಬ ಸೂಚನೆ ಅದರೊಳಗೇ ಇರುತ್ತದೆ. ನಾಲೆಯ ಮೇಲೆ ಗೇಟು ತಿರುಗಿಸುವ ಸೌಡಿಯ ವಿಷಯಕ್ಕೂ ಇದು ಅನ್ವಯಿಸುತ್ತದೆ. ಅವನ ಬಳಿ ರೈತರು ವಾದಿಸುವುದು ಗೇಟು ಇರಬೇಕೋ ಬೇಡವೋ ಎಂದಲ್ಲ, ಎಷ್ಟು ಹೊತ್ತಿನವರೆಗೆ ಎಂದು.

ಕಟ್ಟು ಪದದ ಉಳಿದ ಕವಲುಗಳೂ ಇದೇ ಗುಣದವು. ‘ಹೊಟ್ಟೆ ಬಾಯಿ ಕಟ್ಟಿ’ ಕೂಡಿಸಿದ ಹಣವೆಂದರೆ ಆಸೆಗಳನ್ನು ತಡೆದು ಉಳಿಸಿದ್ದು. ‘ಕೈ ಕಟ್ಟಿಹಾಕು’ ಎಂದರೆ ಅಧಿಕಾರವಿದ್ದೂ ನಡೆಸಲಾಗದಂತೆ ಮಾಡುವುದು. ‘ಅಡ್ಡಗಟ್ಟು’ ಎಂದರೆ ಬರುವವನ ದಾರಿಗೆ ಎದುರಾಗಿ ನಿಲ್ಲುವುದು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೇನೆಯನ್ನು ಟಿಪ್ಪು ಸುಲ್ತಾನನು ಮಳವಳ್ಳಿಯ ಬಳಿ ಅಡ್ಡಗಟ್ಟಿದನು ಎನ್ನುವಲ್ಲಿ ತಡೆಯ ಯತ್ನವಷ್ಟೇ ಇದೆ, ಯಶಸ್ಸಿನ ಭರವಸೆಯಿಲ್ಲ. ಆ ಕಾಳಗದಲ್ಲಿ ಸೋತು ಹಿಂದೆಗೆದ ಮೇಲೆ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ತಡವಾದ ತಡೆಯನ್ನು ಹಂಗಿಸುವ ‘ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ಇಂಥ ಕೋಟೆಗಳ ಕಾಲದ್ದು. ದಿಡ್ಡಿಯೆಂದರೆ ಕೋಟೆಯ ಹೆಬ್ಬಾಗಿಲ ಹೊರತಾಗಿ ಇರುವ ಕಿರುಬಾಗಿಲು.

ಬಂದ್, ರಸ್ತೆ ತಡೆ

‘ಬಂದ್’ ಪಾರ್ಸಿಯಿಂದ ಹಿಂದೂಸ್ತಾನಿಯ ಮೂಲಕ ಬಂದ ಪದ. ಪಾರ್ಸಿಯಲ್ಲಿ ಇದಕ್ಕೆ ಕಟ್ಟಿದ್ದು, ಮುಚ್ಚಿದ್ದು ಎಂಬುದರ ಜೊತೆಗೆ ಅಣೆಕಟ್ಟು ಎಂಬ ಅರ್ಥವೂ ಇರುವುದರಿಂದ, ಮಂಡ್ಯದ ಮಟ್ಟಿಗೆ ಅದು ಅನ್ಯಪದವಾಗಿ ಬಂದರೂ ‘ಕಟ್ಟು’ ಎಂಬುದರ ಒಡಹುಟ್ಟಿನಂತೆ ನೆಲೆಸಿದೆ. ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ನಡೆದಾಗ ಸಿಕ್ಕ, ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿಸುವ ಟಿಪ್ಪುವಿನ ಸಂಕಲ್ಪವನ್ನು ತಿಳಿಸುವ ಶಾಸನ ಪಾರ್ಸಿಯದೇ ಆಗಿರುವುದು ಇಲ್ಲಿ ನೆನೆಯತಕ್ಕದ್ದು.

ಕಾವೇರಿ ಜಲವಿವಾದದ ಕಾಲದಲ್ಲಿ ಈ ಪದಗಳು ಘೋಷಣೆಗಳಾದವು. 1990ರ ಜೂನ್ 2ರಂದು ರಚನೆಯಾದ ನ್ಯಾಯಮಂಡಳಿ 1991ರ ಜೂನ್ 25ರಂದು ವರ್ಷಕ್ಕೆ 205 ಟಿಎಂಸಿ ನೀರನ್ನು ತಮಿಳುನಾಡಿಗೆ ಹರಿಸಬೇಕೆಂದು ಮಧ್ಯಂತರ ಆದೇಶ ನೀಡಿದಾಗ, ಅದಕ್ಕೆ ತಡೆಯೊಡ್ಡಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಸುಪ್ರೀಂ ಕೋರ್ಟು ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು. ಅಂದಿನಿಂದ ಮಂಡ್ಯ ನಗರದ ಸಂಜಯ ವೃತ್ತ, ವಿಶ್ವೇಶ್ವರಯ್ಯನವರ ಪ್ರತಿಮೆಯ ಆವರಣ, ಮದ್ದೂರಿನ ಹೆದ್ದಾರಿ ಇವು ಮಳೆ ಕೈಕೊಟ್ಟ ವರ್ಷಗಳಲ್ಲಿ ಚಳವಳಿಯ ನೆಲೆಗಳಾಗಿವೆ. ಕಾವೇರಿ ಹೋರಾಟಕ್ಕೆ ದಶಕಗಳ ಕಾಲ ಮುಂದಾಳಾಗಿದ್ದ ಜಿ. ಮಾದೇಗೌಡರು ಮದ್ದೂರು ತಾಲ್ಲೂಕಿನವರು. ಅವರ ನಾಯಕತ್ವದ ಜಿಲ್ಲಾ ರೈತ ಹಿತರಕ್ಷಣಾ ಸಮಿತಿಯ ಧರಣಿಗಳಲ್ಲಿ ಎರಡು ಕೂಗುಗಳು ಒಂದೇ ವೇದಿಕೆಯಿಂದ ಏಳುತ್ತಿದ್ದವು: ಹೊಳೆಗೆ ‘ನೀರು ನಿಲ್ಲಿಸಿ’, ನಾಲೆಗೆ ‘ನೀರು ಬಿಡಿ’. ಹೊರಗಿನಿಂದ ನೋಡುವವರಿಗೆ ಇದರಲ್ಲಿ ವಿರೋಧ ಕಂಡೀತು. ಒಂದು ತೂಬು ಇಳಿಯದೆ ಇನ್ನೊಂದು ತೂಬಿಗೆ ನೀರಿಲ್ಲವೆಂದು ಬಲ್ಲ ರೈತನಿಗೆ ಎರಡೂ ಒಂದೇ ಮಾತು.

ನೀರನ್ನು ನಿಲ್ಲಿಸುವ ಅಧಿಕಾರ ಕೈಯಲ್ಲಿಲ್ಲದವರು ಕೈಗೆಟಕುವ ಹರಿವನ್ನು ನಿಲ್ಲಿಸುತ್ತಾರೆ. ಬೆಂಗಳೂರು–ಮೈಸೂರು ರಸ್ತೆ ಮಂಡ್ಯ, ಮದ್ದೂರುಗಳ ನಡುವಿನಿಂದ ಹಾದುಹೋಗಿರುವುದರಿಂದ ‘ರಸ್ತೆ ತಡೆ’ಯ ಪರಿಣಾಮ ಎರಡು ನಗರಗಳಿಗೂ ತಟ್ಟುತ್ತಿತ್ತು. ‘ರಸ್ತೆ ತಡೆ’, ‘ರೈಲು ತಡೆ’ ಎಂಬುವು ಸಮಾಸಪದಗಳಾಗಿ ಗಟ್ಟಿಯಾಗಿ, ತಡೆಯುವ ಕ್ರಿಯೆಗಿಂತ ಹೆಚ್ಚಾಗಿ ಒಂದು ಬಗೆಯ ಚಳವಳಿಯ ಹೆಸರುಗಳಾದವು. ಗಂಟೆಗಟ್ಟಲೆ ನಡೆದರೂ ಹತ್ತು ನಿಮಿಷ ನಡೆದರೂ ಹೆಸರು ಅದೇ. 2016ರ ಸೆಪ್ಟೆಂಬರ್ 5ರಂದು ದಿನವೂ 15,000 ಕ್ಯೂಸೆಕ್‌ನಂತೆ, ಎಂದರೆ ಸೆಕೆಂಡಿಗೆ ಅಷ್ಟು ಘನ ಅಡಿಯಂತೆ, ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ ಬೆನ್ನಿಗೆ 9ರಂದು ಕರ್ನಾಟಕ ಬಂದ್ ನಡೆಯಿತು. 2023ರಲ್ಲಿ ನೀರು ಬಿಡಬೇಕೆಂಬ ಕಾವೇರಿ ಪ್ರಾಧಿಕಾರದ ಆದೇಶದಲ್ಲಿ ಕೈಹಾಕಲು ನ್ಯಾಯಾಲಯ ನಿರಾಕರಿಸಿದ ಎರಡು ದಿನಗಳಲ್ಲೇ, ಸೆಪ್ಟೆಂಬರ್ 23ರಂದು, ಮಂಡ್ಯ ಬಂದ್ ಆಯಿತು. ಬಲವಂತದ ಬಂದ್ ಕಾನೂನಿಗೆ ವಿರುದ್ಧವೆಂಬ ಕೇರಳ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು 1997ರಲ್ಲಿಯೇ ಎತ್ತಿಹಿಡಿದಿದ್ದರೂ ಪದವಾಗಲಿ ಪದ್ಧತಿಯಾಗಲಿ ಹಿಂದೆ ಸರಿದಿಲ್ಲ. ಕ್ರಿಯಾಪದದ ಬಳಕೆಯಲ್ಲಿ ಒಂದು ಸೂಕ್ಷ್ಮವೂ ಉಂಟು: ‘ಬಂದ್ ಮಾಡಿದರು’ ಎಂದರೆ ಚಳವಳಿಗಾರರ ಕೆಲಸ, ‘ಬಂದ್ ಆಯಿತು’ ಎಂದರೆ ಊರೇ ಒಪ್ಪಿತು ಎಂಬ ಧ್ವನಿ, ‘ಬಂದ್ ಆಚರಿಸಿದರು’ ಎಂದರೆ ಪತ್ರಿಕೆಯವರು ಎರಡರ ನಡುವೆ ಜಾಣತನದಿಂದ ಜಾರಿಕೊಂಡದ್ದು.

ಸರ್ಕಾರದ ಕಡೆಯ ತಡೆಗೂ ತನ್ನದೇ ಆದ ನುಡಿಯಿದೆ. ನಿಷೇಧಾಜ್ಞೆಯನ್ನು ಜನ ‘144 ಹಾಕವ್ರೆ’ ಎನ್ನುತ್ತಾರೆ. 2024ರ ಜುಲೈ 1ರಿಂದ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದು ಕಲಂ ಸಂಖ್ಯೆ 163 ಆಗಿದ್ದರೂ ಬಾಯಿಮಾತಿನ 144 ಬದಲಾಗಲಿಲ್ಲ. ಈ ಬಗೆಯ ಆಜ್ಞೆಗೆ ಜಿಲ್ಲೆಯ ಚರಿತ್ರೆಯಲ್ಲಿ ದೊಡ್ಡ ನಿದರ್ಶನ ಮದ್ದೂರಿನ ಶಿವಪುರ. 1938ರ ಏಪ್ರಿಲ್ 9ರಿಂದ 11ರವರೆಗೆ ಅಲ್ಲಿ ಸೇರಿದ ಮೈಸೂರು ಕಾಂಗ್ರೆಸ್ ಅಧಿವೇಶನದಲ್ಲಿ, ತ್ರಿವರ್ಣ ಧ್ವಜ ಹಾರಿಸಕೂಡದೆಂಬ ಆಜ್ಞೆಯನ್ನು ಮೀರಿ ಟಿ. ಸಿದ್ದಲಿಂಗಯ್ಯನವರು ಧ್ವಜ ಏರಿಸಲು ಮುಂದಾಗಿ ಬಂಧಿತರಾದರು. ಆಸ್ತಿ ವ್ಯಾಜ್ಯಗಳಲ್ಲಿ ನ್ಯಾಯಾಲಯ ಕೊಡುವ ತಡೆಯಾಜ್ಞೆ ಹಳ್ಳಿಗಳಲ್ಲಿ ‘ಸ್ಟೇ’ ಎನಿಸಿಕೊಂಡಿದೆ. ಒಂದು ನ್ಯಾಯಾಲಯದ ಆದೇಶವನ್ನು ಇನ್ನೊಂದು ಅಮಾನತಿನಲ್ಲಿಡುವುದೂ ವ್ಯಕ್ತಿಯೊಬ್ಬ ಜಮೀನಿಗೆ ಕಾಲಿಡದಂತೆ ಮಾಡುವುದೂ ಕಾನೂನಿನಲ್ಲಿ ಬೇರೆಬೇರೆಯಾದರೂ ‘ಸ್ಟೇ ತಂದವ್ನೆ’ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ. ಮನೆಗೆ ಅಕ್ಕಿ ತರುವಂತೆಯೇ ಸ್ಟೇ ತರುವುದು. ತಂದವನ ಹಣಬಲ, ಓಡಾಟಬಲಗಳ ಸುದ್ದಿಯೂ ಆ ಕ್ರಿಯಾಪದದಲ್ಲಿ ಅಡಗಿದೆ.

ಪ್ರಾಣಿಗಳಿಂದ ಬಂದವು

ಕಡಿವಾಣವೆಂದರೆ ಕುದುರೆಯ ಬಾಯಲ್ಲಿಡುವ ಕಬ್ಬಿಣದ ಸಲಾಕೆ, ಲಗಾಮು ಅದಕ್ಕೆ ಸೇರಿದ ಹಗ್ಗ, ಅಂಕುಶ ಆನೆಯನ್ನು ಹತೋಟಿಯಲ್ಲಿಡುವ ಕೊಕ್ಕೆ, ಮೂಗುದಾರ ಎತ್ತಿನ ಮೂಗಿಗೆ ಪೋಣಿಸುವ ಹುರಿ. ಹಳ್ಳಿಕಾರ್ ಎತ್ತುಗಳ ಈ ಸೀಮೆಯಲ್ಲಿ ಮೂಗುದಾರ ಕಣ್ಣೆದುರಿನ ವಸ್ತುವಾಗಿದ್ದು, ‘ಅವನಿಗೆ ಮೂಗುದಾರ ಹಾಕಬೇಕು’ ಎಂದರೆ ಪುಂಡಾಟದ ಹುಡುಗನಿಗೆ ಮದುವೆ ಮಾಡಬೇಕು ಎಂಬವರೆಗೂ ಅರ್ಥ ಹಿಗ್ಗುತ್ತದೆ. ಬೆಳೆಗೆ ಬಾಯಿ ಹಾಕದಂತೆ ಎತ್ತಿಗೆ ಕಟ್ಟುವ ಬಾಯಿಕುಕ್ಕೆಯೂ ವಾಚಾಳಿಯ ವಿಷಯದಲ್ಲಿ ಬಳಕೆಯಾಗುತ್ತದೆ. ಈ ವಸ್ತುಗಳು ಯಾವುವೂ ಪ್ರಾಣಿಯನ್ನು ಮುಗಿಸುವಂಥವಲ್ಲ. ಅದು ನಡೆಯುತ್ತಲೇ ಇರಬೇಕು, ಹೇಳಿದ ಕಡೆಗೆ ನಡೆಯಬೇಕು ಎಂಬುದಕ್ಕಾಗಿ ಇರುವಂಥವು. ಆದ್ದರಿಂದ ಕಡಿವಾಣ ಹಾಕು ಎಂಬುದು ಖರ್ಚು, ವೇಗ, ನಾಲಿಗೆ ಮುಂತಾಗಿ ಇರಬೇಕಾದದ್ದೇ ಮಿತಿಮೀರಿದಾಗ ಸಲ್ಲುವ ಮಾತು.

ಪತ್ರಿಕಾ ಕನ್ನಡ ಈ ಮಿತಿಯನ್ನು ಉಳಿಸಿಕೊಂಡಿಲ್ಲ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ, ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗದಲ್ಲಿ, ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ‘ಹೆಣ್ಣುಭ್ರೂಣ ಹತ್ಯೆಗೆ ಕಡಿವಾಣ’ ಎಂಬ ಮಾತು ಶೀರ್ಷಿಕೆಗಳಲ್ಲೂ ಭಾಷಣಗಳಲ್ಲೂ ತುಂಬಿಹೋಯಿತು. 1994ರ ಕಾಯ್ದೆ ಲಿಂಗ ಪತ್ತೆಯನ್ನು ಮಿತಗೊಳಿಸಿಲ್ಲ, ಸಂಪೂರ್ಣವಾಗಿ ನಿಷೇಧಿಸಿದೆ. ಕೊಲೆಗೆ ಕಡಿವಾಣ ಹಾಕುವುದೆಂದರೆ ಹದವರಿತ ಕೊಲೆ ಸಮ್ಮತವೆಂದಾಗುತ್ತದೆ. ಶೀರ್ಷಿಕೆ ಬರೆಯುವವರಿಗೆ ನಾಲ್ಕಕ್ಷರದ ಪದ ಅನುಕೂಲವೆಂಬುದು ನಿಜ, ಆದರೆ ‘ತಡೆ’ ಎಂಬುದು ಇನ್ನೂ ಚಿಕ್ಕದು, ಅರ್ಥದಲ್ಲೂ ಸರಿಯಾದದ್ದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ಕೊನೆಗೊಂಡದ್ದನ್ನು ಯಾರೂ ಕಡಿವಾಣವೆಂದು ನೆನೆಯುವುದಿಲ್ಲ; ‘ಸಾರಾಯಿ ನಿಂತುಹೋಯಿತು’ ಎಂದೇ ಹಳ್ಳಿಗರ ಮಾತು.

‘ಚಿಗುರಿನಲ್ಲೇ ಚಿವುಟು’ ಎಂಬುದು ಕೆಡುಕನ್ನು ಆರಂಭದಲ್ಲೇ ಅಳಿಸುವುದಕ್ಕೆ ಹೇಳುವ ಮಾತು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು’ ಎಂಬ ಗಾದೆ ಇದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಸೇವಂತಿಗೆ ಬೆಳೆಯುವವರು ಮಾತ್ರ ಇದನ್ನು ಕೇಳಿ ನಗಬಹುದು, ಏಕೆಂದರೆ ಅವರು ಕುಡಿ ಚಿವುಟುವುದೇ ಪಕ್ಕದಿಂದ ನಾಲ್ಕು ಕವಲೊಡೆದು ಹೂವು ಹೆಚ್ಚಲೆಂದು.

ಮುಕ್ತಾಯದ ನುಡಿಗಟ್ಟುಗಳು

ಮತ್ತೆ ತೆರೆಯಲಿಕ್ಕಿಲ್ಲದ ನಿಲುಗಡೆಗೆ ಕನ್ನಡ ಶ್ರಾದ್ಧವನ್ನೂ ರಂಗಭೂಮಿಯನ್ನೂ ಆಶ್ರಯಿಸಿದೆ. ‘ಎಳ್ಳುನೀರು ಬಿಡು’, ಅದರ ಸಂಸ್ಕೃತ ರೂಪವಾದ ‘ತಿಲಾಂಜಲಿ ಕೊಡು’ ಇವು ಸತ್ತವರಿಗೆ ಎಳ್ಳು ಬೆರೆಸಿದ ನೀರನ್ನು ಬೊಗಸೆಯಿಂದ ಬಿಡುವ ತರ್ಪಣದಿಂದ ಬಂದವು. ಮೂರೂ ತಾಲ್ಲೂಕಿನವರು ಅಸ್ಥಿ ಬಿಡಲು ಹೋಗುವ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಕಾವೇರಿ ಪಡುವಣಕ್ಕೆ ತಿರುಗುವ ಜಾಗ, ಹತ್ತಿರದಲ್ಲೇ ಇರುವುದರಿಂದ ಈ ನುಡಿಯ ಹಿಂದಿನ ಚಿತ್ರ ಇಲ್ಲಿ ಮಾಸಿಲ್ಲ. ‘ಆ ಸಾಲಕ್ಕೆ ಎಳ್ಳುನೀರು ಬಿಟ್ಟಂಗೆ’ ಎಂದು ಮಂಡ್ಯದವನೊಬ್ಬ ಹೇಳಿದರೆ ಕೊಟ್ಟ ಹಣ ಬರುವುದಿಲ್ಲವೆಂದು ಖಚಿತ. ಇಂಗ್ಲಿಷ್ ನುಡಿಗಟ್ಟಿನಲ್ಲಿ ಇರುವಂತೆ ಬೇರೊಬ್ಬರ ಕೆಲಸವನ್ನು ತಡೆಯುವ ಅರ್ಥ ಇದಕ್ಕೆ ಒಗ್ಗದು. ತನ್ನದಾಗಿದ್ದ ಚಟ, ಹಟ, ಆಸೆಗಳನ್ನು ತಾನೇ ಬಿಡುವುದಕ್ಕೆ ಅದು ಮೀಸಲು.

‘ಮಂಗಳ ಹಾಡು’ ಇದಕ್ಕಿಂತ ಹಗುರಾದದ್ದು. ಕುರುಕ್ಷೇತ್ರದಂಥ ಪೌರಾಣಿಕ ನಾಟಕಗಳನ್ನು ಹಳ್ಳಿಯವರೇ ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ಕಲಿತು ಇರುಳಿಡೀ ಆಡುವ ರೂಢಿ ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಬಲವಾಗಿದ್ದು, ಬೆಳಕು ಹರಿಯುವ ಹೊತ್ತಿಗೆ ಪಾತ್ರಧಾರಿಗಳೆಲ್ಲ ಸೇರಿ ಮಂಗಳ ಹಾಡಿದರೆ ಆಟ ಮುಗಿಯಿತು. ಎಳೆದೆಳೆದು ಬೇಸರ ತರಿಸಿದ ಪಂಚಾಯಿತಿಗೆ, ಮುಗಿಯದ ತಕರಾರಿಗೆ ಈ ಮಾತು ಹೊಂದುತ್ತದೆ. ‘ಇತಿಶ್ರೀ ಹಾಡು’ ಎಂಬ ಬಳಕೆಯೂ ಇದೆ. ಇತಿಶ್ರೀ ಎಂಬುದು ಗ್ರಂಥದ ಕೊನೆಯಲ್ಲಿ ಬರೆಯುವ ಒಕ್ಕಣೆಯಾದ್ದರಿಂದ ಅದನ್ನು ಯಾರೂ ಹಾಡುವುದಿಲ್ಲ, ಮಂಗಳದ ಪಕ್ಕದಲ್ಲಿದ್ದು ಅದರ ಕ್ರಿಯಾಪದವನ್ನು ಎರವಲು ಪಡೆದಂತೆ ತೋರುತ್ತದೆ. ‘ಪೂರ್ಣವಿರಾಮ ಹಾಕು’ ಮಾತ್ರ ಅಚ್ಚುಯಂತ್ರದ ಕೂಸು. ಓಲೆಗರಿಯ ಬರವಣಿಗೆಯಲ್ಲಿ ಗೆರೆಯಾಕಾರದ ದಂಡವಿತ್ತೇ ಹೊರತು ಈ ಚುಕ್ಕೆ ಇರಲಿಲ್ಲ. ಅದು 19ನೆಯ ಶತಮಾನದ ಮುದ್ರಣದೊಂದಿಗೆ ಬಂದು, ಶಾಲೆ ಓದಿದವರ ಮಾತಿಗೆ ‘ಫುಲ್‌ಸ್ಟಾಪ್ ಇಡು’ ಎಂಬ ರೂಪದಲ್ಲೂ ಸೇರಿಕೊಂಡಿತು.

ಕಾರ್ಖಾನೆಗಳ ವಿಷಯದಲ್ಲಿ ‘ಬೀಗ ಬಿತ್ತು’ ಎನ್ನುವುದು ವಾಡಿಕೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ಮೈಶುಗರ್, ಕೆಲವು ವರ್ಷ ಕಬ್ಬು ಅರೆಯದೆ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಬೀಗಕ್ಕೆ ಕೀಲಿಕೈ ಇರುವುದರಿಂದ ಈ ನುಡಿ ಮುಕ್ತಾಯದ ಗುಂಪಿಗೂ ಕಟ್ಟಿನ ಗುಂಪಿಗೂ ನಡುವೆ ನಿಲ್ಲುತ್ತದೆ.

ಹೊಸ ಬಳಕೆಗಳು

ಇಂಗ್ಲಿಷಿನಲ್ಲಿ ಪ್ಲಗ್ಗು ಕೀಳುವುದು ಎಂಬ ನುಡಿಗಟ್ಟು ಯೋಜನೆಯೊಂದನ್ನು ತಟ್ಟನೆ ಕೈಬಿಡುವುದನ್ನು ಸೂಚಿಸಿದರೆ, ಮಂಡ್ಯ ಸೀಮೆಯಲ್ಲಿ ಆ ಸ್ಥಾನ ‘ಫ್ಯೂಸ್ ಕೀಳು’ ಎಂಬುದಕ್ಕೆ ದಕ್ಕಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಹಳ್ಳಿಗಳಿಗೆ ದೀಪ ಬಂದದ್ದು ಬಹಳ ತಡವಾಗಿ. ಬಿಲ್ಲು ಕಟ್ಟದ ಮನೆಯ ಫ್ಯೂಸನ್ನು ಲೈನ್‌ಮನ್ ಕಿತ್ತು ಜೇಬಿಗಿಳಿಸಿಕೊಂಡು ಹೋಗುವುದನ್ನು ಕಂಡ ಜನ, ಮುಖಂಡನೊಬ್ಬನ ಹುದ್ದೆ ಹೋದಾಗ ‘ಅವನ ಫ್ಯೂಸ್ ಕಿತ್ತವ್ರೆ’ ಎನ್ನುತ್ತಾರೆ. ‘ಬ್ರೇಕ್ ಹಾಕು’ ಎಂಬುದು ಇದಕ್ಕಿಂತ ವ್ಯಾಪಕ. ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವತನಕ, ಗಣಿಗಾರಿಕೆ ನಡೆಸಕೂಡದೆಂದು 2024ರ ಜನವರಿಯಲ್ಲಿ ಹೈಕೋರ್ಟು ಹೇಳಿದ್ದಕ್ಕೆ ಈ ಪದ ಸರಿಹೊಂದುತ್ತದೆ, ಏಕೆಂದರೆ ಬ್ರೇಕಿನ ಮೇಲಿಂದ ಕಾಲು ತೆಗೆಯಲು ಬರುತ್ತದೆ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಮಂಡ್ಯದ ಸಂಜಯ ವೃತ್ತದಲ್ಲಿ ಕುಳಿತು ಎರಡು ನಗರಗಳ ಸಂಚಾರವನ್ನು ನಿಲ್ಲಿಸುವುದು ಮೊದಲಿನಷ್ಟು ಸುಲಭವಲ್ಲವಾದ್ದರಿಂದ, ರಸ್ತೆ ತಡೆಗೆ ಹೊರಟವರು ಈಗ ‘ಎಕ್ಸ್‌ಪ್ರೆಸ್‌ವೇ ತಡೆ’ ಎಂದು ಬೇರೆಯಾಗಿ ಹೇಳಬೇಕಾಗಿದೆ.